ಐದೂವರೆಗೆ ಹಾಡಬೇಕಿದ್ದ ಸ್ಪೀಕರ್ ಒಂಬತ್ತೂ ಕಾಲಿಗೆ ಹಾಡಿದರೆ: ಮಲೆನಾಡ ಮನೆಯ ದೋಷ ನಿವಾರಣೆ ಕೈಪಿಡಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳಗ್ಗೆ ಐದೂವರೆಗೆ ಗಮಕ ಶುರುವಾಗಬೇಕು. ಅಡುಗೆಮನೆ, ಜಗಲಿ, ಬಚ್ಚಲುಮನೆಯ ಕಟ್ಟೆ, ಮೂರೂ ಕಡೆ ಒಟ್ಟಿಗೆ. ಅಮ್ಮ ಹಂಡೆಗೆ ಬೆಂಕಿ ಹಾಕುತ್ತಾ ಕೇಳುತ್ತಾಳೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಕೇಳುತ್ತಾರೆ. ಶಿವಮೊಗ್ಗದ ಪಕ್ಕ ತುಂಗೆಯ ದಡದಲ್ಲಿರುವ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ದನಿ ಕಿವಿಗೆ ಬೀಳದೆ ಅಪ್ಪಯ್ಯನಿಗೆ ಬೆಳಗಾಗುವುದಿಲ್ಲ.

ನಾನು ವಾರವಿಡೀ ಶಿವಮೊಗ್ಗದಲ್ಲಿ ಇರುತ್ತೇನೆ. ಮನೆಯಲ್ಲಿ ಯಾರೂ ಫೋನ್ ಹಿಡಿದು ಗುಂಡಿ ಒತ್ತುವಂತೆ ಆಗಬಾರದು ಅಂತ ಎಲ್ಲವನ್ನೂ ಸ್ಕ್ರಿಪ್ಟ್‌ಗೆ, ಅಂದರೆ ಕಂಪ್ಯೂಟರ್ ತಾನಾಗಿ ಓಡಿಸುವ ಆದೇಶಗಳ ಪಟ್ಟಿಗೆ, ಒಪ್ಪಿಸಿದೆ. ಬೇಸಿಗೆಯಿಡೀ ಒಂದು ದಿನವೂ ತಪ್ಪಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಅಲ್ಲಿಂದ ಶುರುವಾಯಿತು ತೊಂದರೆ. ಅದನ್ನು ಹೇಗೆ ಹುಡುಕಿದೆ, ಎಲ್ಲಿ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಜೋಡಣೆ ಬೇರೆ ಇರಬಹುದು. ಆದರೆ ಕರೆಂಟು ಹೋಗಿ ಬರುವ ಊರಾದರೆ ದೋಷವೂ ಹೆಚ್ಚುಕಡಿಮೆ ಇದೇ ಇರುತ್ತದೆ.

ಒಂದು ಮಾತು. ಆದೇಶಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ ಹಾಕಿ.

ಜೋಡಣೆ

ನಡುಮನೆಯಲ್ಲಿ ರೂಟರ್ ಪಕ್ಕ ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಇದೆ. ಹಾಡಿನ ಫೈಲುಗಳೆಲ್ಲ ಅದಕ್ಕೆ ಚುಚ್ಚಿದ ಡಿಸ್ಕ್‌ನಲ್ಲಿವೆ. ಅವನ್ನು ನುಡಿಸುವುದು ಎಂಪಿಡಿ ಅನ್ನುವ ತಂತ್ರಾಂಶ. ಅದರ ದನಿ ನೇರ ಸ್ಪೀಕರ್‌ಗೆ ಹೋಗುವುದಿಲ್ಲ, ಒಂದು ಫಿಫೋ ಫೈಲಿಗೆ ಹೋಗುತ್ತದೆ. ಫಿಫೋ ಅಂದರೆ ಒಂದು ಕಡೆ ಹಾಕಿದ್ದು ಅದೇ ಸಾಲಿನಲ್ಲಿ ಇನ್ನೊಂದು ಕಡೆ ಬರುವ ಕೊಳವೆ. ಆಚೆ ತುದಿಯಲ್ಲಿ ಸ್ನ್ಯಾಪ್‌ಕಾಸ್ಟ್ ಸರ್ವರ್ ಇದೆ. ಅದು ದನಿಯ ತುಣುಕು ತುಣುಕಿಗೂ ಹೊತ್ತಿನ ಗುರುತು ಹಾಕಿ ವೈಫೈನಲ್ಲಿ ಕಳಿಸುತ್ತದೆ. ಮೂರು ಕಡೆ ಇರುವ ಮೂರು ಪೈ ಝೀರೋ 2 ಡಬ್ಲ್ಯೂ ಬೋರ್ಡುಗಳು ತುಣುಕನ್ನು ಹಿಡಿದಿಟ್ಟುಕೊಂಡು, ಗುರುತಿನ ಹೊತ್ತು ಬಂದಾಗ ಸ್ಪೀಕರ್‌ಗೆ ಬಿಡುತ್ತವೆ. ಹಾಗಾಗಿಯೇ ಮೂರೂ ಒಂದೇ ದನಿಯಾಗಿ ಕೇಳುವುದು. ಕಳಿಸುವುದಕ್ಕೂ ನುಡಿಸುವುದಕ್ಕೂ ನಡುವೆ ಸ್ನ್ಯಾಪ್‌ಕಾಸ್ಟ್ ಸಾಮಾನ್ಯವಾಗಿ 1000 ಮಿಲಿಸೆಕೆಂಡ್ ಬಿಡುವು ಇಟ್ಟುಕೊಳ್ಳುತ್ತದೆ.

ಉಪ್ಪರಿಗೆಯ ಕೋಣೆಯಲ್ಲಿ ಅಂಗಡಿಯಿಂದ ತಂದ, ವೈಫೈನಲ್ಲೇ ಹಾಡು ಪಡೆಯುವ ಕಾಸ್ಟ್ ಸ್ಪೀಕರ್ ಒಂದಿದೆ. ಅದು ಈ ಸಾಲಿಗೆ ಸೇರಿಲ್ಲ. ಅದಕ್ಕೆ ಸಿ-ಎ-ಟಿ-ಟಿ ಅನ್ನುವ ಪೈಥಾನ್ ಸಾಧನದಿಂದ ಬೇರೆ ಸ್ಕ್ರಿಪ್ಟ್ ಹಾಡು ಕಳಿಸುತ್ತದೆ. ಎಲ್ಲ ಸ್ಕ್ರಿಪ್ಟ್‌ಗಳನ್ನೂ ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಕ್ರಾನ್.

ಅಮ್ಮನ ಕ್ಯಾಲೆಂಡರ್

ಮೊದಲ ಫೋನ್ ಬಂದಿದ್ದು ಒಂದು ಮಂಗಳವಾರ. "ಇವತ್ತೂ ಹಾಡ್ಲಿಲ್ಲ ಮಾರಾಯ. ಮತ್ತೆ ಎಂತಕ್ಕೋ ಏನೋ, ಒಂಬತ್ತೂ ಕಾಲು ದಾಟಿದ ಮೇಲೆ ತಾನಾಗೇ ಶುರುವಾಯ್ತು. ನಾನಾಗ ದೋಸೆ ಹುಯ್ತಿದ್ದೆ" ಅಂದಳು ಅಮ್ಮ.

ನಾನು ಆ ಎರಡನೇ ವಾಕ್ಯವನ್ನು ಗಮನಿಸಲಿಲ್ಲ. "ಹಾಡ್ಲಿಲ್ಲ" ಅನ್ನುವುದಷ್ಟೇ ತಲೆಯಲ್ಲಿ ಉಳಿಯಿತು. ಶನಿವಾರ ಊರಿಗೆ ಹೋಗಿ ಜಗಲಿಯ ಸ್ಪೀಕರ್ ಬಿಚ್ಚಿದೆ, ವೈರು ಬದಲಿಸಿದೆ, ಅದರ ಬೋರ್ಡಿನ ಮೆಮೊರಿ ಕಾರ್ಡ್‌ಗೆ ಮತ್ತೆ ಎಲ್ಲ ತುಂಬಿದೆ. ಸರಿಯಾಯಿತು. ಗುರುವಾರ ಮತ್ತೆ ಫೋನ್. ಹೀಗೆ ಎರಡು ವಾರ ಹೋಯಿತು.

ಮೂರನೇ ಸಲ ಏನನ್ನೂ ಮುಟ್ಟಲಿಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಮೂರು ಸಂಗತಿ ಬರೆದಿಡು ಅಂತ ಅಮ್ಮನಿಗೆ ಹೇಳಿ ಬಂದೆ. ಎಷ್ಟೊತ್ತಿಗೆ ಹಾಡಿತು, ರಾತ್ರಿ ಕರೆಂಟು ಹೋಗಿತ್ತಾ, ಬೆಳಗ್ಗೆ ನೆಟ್ ಇತ್ತಾ. ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಅವಳು ಬರೆದಿಟ್ಟಿದ್ದು ಯಾವ ಲಾಗ್ ಫೈಲಿಗಿಂತಲೂ ಜಾಸ್ತಿ ಕೆಲಸಕ್ಕೆ ಬಂತು.

ಕರೆಂಟು ಹೋಗದ ದಿನಗಳಲ್ಲಿ ಎಲ್ಲ 5.30. ತಪ್ಪಿದ ದಿನಗಳು ಮೂರು ಥರ ಇದ್ದವು. ಒಂದು ದಿನ 9.23ಕ್ಕೆ ಹಾಡಿತ್ತು, ಅವತ್ತು ಮಧ್ಯಾಹ್ನದ ತನಕ ನೆಟ್ ಇರಲಿಲ್ಲ. ಇನ್ನೊಂದು ದಿನ ಹಾಡಲೇ ಇಲ್ಲ, ನೆಟ್ ಆರೂ ಕಾಲಿಗೆ ಬಂದಿತ್ತು. ಮತ್ತೊಂದು ದಿನ ನೆಟ್ ಬಂದ ಗಳಿಗೆಗೆ ಸರಿಯಾಗಿ, 6.10ಕ್ಕೆ, ಹಾಡು ಶುರುವಾಗಿತ್ತು.

ಮೂರು ಬೇರೆ ಬೇರೆ ರೋಗದ ಹಾಗೆ ಕಾಣುತ್ತದೆ, ಅಲ್ವಾ? ಕಾರಣ ಒಂದೇ. ನಿಮ್ಮಲ್ಲೂ "ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಒಮ್ಮೊಮ್ಮೆ ಇಲ್ಲ" ಅನ್ನುವಂತಿದ್ದರೆ ಸ್ಕ್ರಿಪ್ಟ್ ತೆರೆಯುವ ಮೊದಲು ಒಂದು ವಾರ ಹೀಗೆ ಬರೆದಿಡಿ. ದೋಷದ ಜೊತೆ ಬೇರೆ ಏನು ಬದಲಾಗುತ್ತಿದೆ ಅನ್ನುವುದು ಕಾಗದದ ಮೇಲೆ ಕಾಣದೆ ಗೊತ್ತಾಗುವುದಿಲ್ಲ.

ಹುಡುಕುವ ಕ್ರಮ: ನಡುವಿನ ದಬ್ಬೆ

ನಮ್ಮಲ್ಲಿ ಮೊದಲು ಗುಡ್ಡದ ಅಬ್ಬಿ ನೀರು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಮನೆಗೆ ಬರುತ್ತಿತ್ತು. ನೀರು ನಿಂತರೆ ಅಪ್ಪಯ್ಯ ಮನೆಯ ಹತ್ತಿರದಿಂದಲೂ ಶುರು ಮಾಡುತ್ತಿರಲಿಲ್ಲ, ಅಬ್ಬಿಯಿಂದಲೂ ಅಲ್ಲ. ಸೀದಾ ನಡುವಿನ ದಬ್ಬೆಗೆ ಹೋಗುತ್ತಿದ್ದರು. ಅಲ್ಲಿ ನೀರು ಇದ್ದರೆ ದೋಷ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಒಂದೇ ನೋಟಕ್ಕೆ ಅರ್ಧ ದಾರಿ ಉಳಿಯಿತು.

ದನಿಯ ದಾರಿಗೂ ಅದೇ ಕ್ರಮ. ನಡುವಿನ ದಬ್ಬೆ ಇಲ್ಲಿ ಫಿಫೋ ಫೈಲು. ಎಂಪಿಡಿ ನಿಲ್ಲಿಸಿ, ಎಲ್ಲ ಸ್ಪೀಕರ್‌ಗಳ ದನಿ ಸಣ್ಣಗೆ ಕೇಳುವಷ್ಟು ಇಳಿಸಿ, ಯುರಾಂಡಮ್ ಸಾಧನದಿಂದ ಫಿಫೋಗೆ ಸುಮ್ನೆ ಗದ್ದಲ ಸುರಿಯಿರಿ. ಮಾಡುವುದಿಷ್ಟೇ: ಕ್ಯಾಟ್ ಆದೇಶದ ಮುಂದೆ ಯುರಾಂಡಮ್ ದಾರಿ ಕೊಟ್ಟು ಅದನ್ನು ಫಿಫೋ ಕಡೆ ತಿರುಗಿಸುವುದು. ದನಿ ಇಳಿಸುವುದನ್ನು ಮರೆಯಬೇಡಿ, ತುಂಬ ಜೋರಾಗಿ ಬರುತ್ತದೆ. ಮೂರೂ ಸ್ಪೀಕರ್‌ನಲ್ಲಿ ಮಳೆ ಸುರಿದಂಥ ಸದ್ದು ಬಂದರೆ ಸ್ನ್ಯಾಪ್‌ಕಾಸ್ಟ್, ವೈಫೈ, ಸ್ಪೀಕರ್ ಎಲ್ಲವೂ ಸರಿ ಇವೆ. ದೋಷ ಎಂಪಿಡಿ, ಸ್ಕ್ರಿಪ್ಟ್ ಅಥವಾ ಕ್ರಾನ್‌ನಲ್ಲಿದೆ. ಒಂದರಲ್ಲಿ ಮಾತ್ರ ಬರದಿದ್ದರೆ ಆ ಒಂದು ಸ್ಪೀಕರ್‌ನ ದಾರಿ ನೋಡಿದರೆ ಸಾಕು.

ನಾನು ಇದನ್ನು ಶನಿವಾರ ಮಾಡಿದಾಗ ಅಡುಗೆಮನೆ, ಕಟ್ಟೆ ಎರಡರಲ್ಲೂ ಗದ್ದಲ ಬಂತು. ಜಗಲಿ ಮೌನ. ಅಂದರೆ ದೋಷ ಒಂದಲ್ಲ, ಎರಡು. ಐದೂವರೆಗೆ ಹಾಡದಿರುವುದು ಮೇಲಿನ ದಬ್ಬೆಯದು. ಜಗಲಿ ಸುಮ್ಮನಿರುವುದು ಕೆಳಗಿನದು. ಎರಡೂ ಕರೆಂಟು ಹೋದ ದಿನವೇ ಬರುತ್ತಿದ್ದರಿಂದ ಅಷ್ಟು ದಿನ ಒಂದೇ ಅಂತ ತಿಳಿದಿದ್ದೆ.

ಮೇಲಿನ ದೋಷ: ಗಡಿಯಾರ

ಪೈ 4ರಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರ ಇಲ್ಲ. ಅದಕ್ಕಿಂತ ಹಳೆಯ ಪೈಗಳಲ್ಲೂ ಇಲ್ಲ, ಝೀರೋಗಳಲ್ಲೂ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಆದರೆ ಅದರ ಬ್ಯಾಟರಿಯನ್ನು ನಾವೇ ತಂದು ಸಿಕ್ಕಿಸಬೇಕು. ಹಾಗಾಗಿ ಕರೆಂಟು ಹೋದರೆ ಪೈಗೆ ಹೊತ್ತು ಗೊತ್ತಿರುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಆಗಾಗ ಹೊತ್ತನ್ನು ಕಾರ್ಡ್‌ನಲ್ಲಿ ಬರೆದಿಡುತ್ತದೆ. ಮತ್ತೆ ಎದ್ದಾಗ ಕೊನೆಗೆ ಬರೆದಿಟ್ಟ ಹೊತ್ತಿನಿಂದಲೇ ಲೆಕ್ಕ ಶುರು ಮಾಡುತ್ತದೆ. ನೆಟ್ ಬಂದ ಮೇಲೆ ಸರಿಯಾದ ಹೊತ್ತು ಕೇಳಿ ತಿದ್ದಿಕೊಳ್ಳುತ್ತದೆ. ಪೇಟೆಯಲ್ಲಿ ಕರೆಂಟು ಬಂದ ಎರಡು ನಿಮಿಷಕ್ಕೆ ನೆಟ್ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಗಾಳಿಗೆ ಮರ ಬಿದ್ದರೆ ವಿದ್ಯುತ್ ತಂತಿ, ಫೈಬರ್ ಎರಡೂ ಒಟ್ಟಿಗೆ ಹೋಗುತ್ತವೆ. ತಂತಿ ರಾತ್ರಿಯೇ ಸರಿಯಾದರೂ ಫೈಬರ್ ಬರುವುದು ಬೆಳಕು ಹರಿದ ಮೇಲೆ.

ಈಗ 9.23ರ ಲೆಕ್ಕ ನೋಡಿ. ಆ ರಾತ್ರಿ 11.40ಕ್ಕೆ ಕರೆಂಟು ಹೋಗಿತ್ತು. ನಮ್ಮ ಪೈ ಗಂಟೆ ದಾಟಿ 17ನೇ ನಿಮಿಷಕ್ಕೆ ಹೊತ್ತು ಬರೆದಿಡುತ್ತದೆ. ಹಾಗಾಗಿ ಕಾರ್ಡ್‌ನಲ್ಲಿ ಇದ್ದಿದ್ದು 11.17. ಕರೆಂಟು ಬಂದಿದ್ದು ಬೆಳಗಿನ ಜಾವ 3.10ಕ್ಕೆ. ಪೈ ಎದ್ದು ಈಗ ರಾತ್ರಿ 11.17 ಅಂದುಕೊಂಡಿತು. ಅಂದರೆ 3 ಗಂಟೆ 53 ನಿಮಿಷ ಹಿಂದೆ. ನೆಟ್ ಇಲ್ಲ, ತಿದ್ದುವವರು ಇಲ್ಲ. ಊರಿಗೆಲ್ಲ 9.23 ಆದಾಗ ಪೈಗೆ 5.30 ಆಯಿತು. ಅದು ತನ್ನ ಹೊತ್ತಿಗೆ ಸರಿಯಾಗಿಯೇ ಹಾಡಿತು.

ಹಾಡಲೇ ಇಲ್ಲದ ದಿನವೂ ಪೈ ಇಷ್ಟೇ ಹಿಂದಿತ್ತು. ಆದರೆ 6.15ಕ್ಕೆ ನೆಟ್ ಬಂದು ಗಡಿಯಾರ ಒಮ್ಮೆಲೇ ಮುಂದಕ್ಕೆ ಹಾರಿತು. ಪೈ ಪಾಲಿಗೆ 5.30 ಅನ್ನುವ ಗಳಿಗೆ ಬರಲೇ ಇಲ್ಲ. 6.10ಕ್ಕೆ ಹಾಡಿದ ದಿನ ಕರೆಂಟು ಹೋಗಿದ್ದು ಸ್ವಲ್ಪ ಹೊತ್ತು ಮಾತ್ರ, ಗಡಿಯಾರ ಒಂದೂವರೆ ಗಂಟೆಯಷ್ಟೇ ಹಿಂದಿತ್ತು. ಹಾಗಾದರೆ ಅವತ್ತು ಯಾಕೆ ಹಾಡಿತು? ಪೈನ ಲಿನಕ್ಸ್‌ಗೆ ಮೂಲವಾದ ಡೆಬಿಯನ್‌ನ ಕ್ರಾನ್‌ಗೆ ಒಂದು ನಿಯಮ ಇದೆ. ಗಡಿಯಾರ 3 ಗಂಟೆಗಿಂತ ಕಡಿಮೆ ಮುಂದಕ್ಕೆ ಹಾರಿದರೆ, ನಡುವೆ ತಪ್ಪಿಹೋದ ಕೆಲಸವನ್ನು ಕೂಡಲೇ ಮಾಡಿಬಿಡುತ್ತದೆ. 3 ಗಂಟೆಗಿಂತ ಜಾಸ್ತಿ ಹಾರಿದರೆ ಇದು ಗಡಿಯಾರ ತಿದ್ದಿದ್ದು ಅಂತ ತಿಳಿದು ಹೊಸ ಹೊತ್ತಿನಿಂದ ಮುಂದೆ ನಡೆಯುತ್ತದೆ. ಕ್ರಾನ್‌ನ ಕೈಪಿಡಿ ಪುಟದಲ್ಲೇ ಇದು ಬರೆದಿದೆ. ಅದನ್ನು ಓದಿದ ಮೇಲೆ ಕ್ಯಾಲೆಂಡರ್‌ನ ಮೂರೂ ಸಾಲು ಒಂದೇ ಏಟಿಗೆ ಅರ್ಥವಾಯಿತು.

ನಿಮ್ಮಲ್ಲೂ ಇದೇನಾ ಅಂತ ನೋಡಲು ಕರೆಂಟು ಹೋಗಿ ಬಂದ ಬೆಳಗ್ಗೆ ಟೈಮ್‌ಡೇಟ್‌ಸಿಟಿಎಲ್ ಹಾಕಿ. ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್ ಅನ್ನುವುದರ ಎದುರು 'ನೋ' ಇದ್ದರೆ ಪೈ ಹೇಳುವ ಹೊತ್ತನ್ನು ನಂಬಬೇಡಿ, ಗೋಡೆ ಗಡಿಯಾರಕ್ಕೆ ಹೋಲಿಸಿ. ಅಷ್ಟು ಹೊತ್ತಿಗೆ ನೆಟ್ ಬಂದು ಹೊತ್ತು ಸರಿಯಾಗಿಬಿಟ್ಟಿದ್ದರೆ ಜರ್ನಲ್‌ಸಿಟಿಎಲ್ ಲಾಗ್ ನೋಡಿ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಗಂಟೆಗಟ್ಟಲೆ ಜಿಗಿತ ಕಾಣುತ್ತದೆ. ನಮ್ಮಲ್ಲಿ 9.23ರ ದಿನ ಮಧ್ಯಾಹ್ನದ ಲಾಗ್‌ನಲ್ಲಿ ಕಂಡ ಜಿಗಿತ 3 ಗಂಟೆ 53 ನಿಮಿಷ. ಅಮ್ಮ ಬರೆದ ಹೊತ್ತಿಗೂ ಇದಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಅಪ್‌ಟೈಮ್ ಆದೇಶ ಹಾಕಿದರೆ ಪೈ ಎದ್ದು ಎಷ್ಟು ಹೊತ್ತಾಯಿತು ಅಂತಲೂ ಸಿಗುತ್ತದೆ. ಈಗಿನ ಹೊತ್ತಿನಿಂದ ಅದನ್ನು ಕಳೆದರೆ ಕರೆಂಟು ಬಂದ ಗಳಿಗೆ.

ಪರಿಹಾರ ಅಂದರೆ ಬ್ಯಾಟರಿ ಇರುವ ಗಡಿಯಾರ. ಡಿಎಸ್3231 ಅನ್ನುವ ಚಿಪ್ ಇರುವ ಸಣ್ಣ ಮಾಡ್ಯೂಲ್ ತಂದೆ. 0ಯಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಅದರ ತಪ್ಪು ಹತ್ತು ಲಕ್ಷದಲ್ಲಿ 2 ಪಾಲು ಮಾತ್ರ, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ಗಮಕಕ್ಕೆ ಧಾರಾಳ ಸಾಕು. ಪೈನ 1ನೇ ಪಿನ್‌ಗೆ ವಿದ್ಯುತ್, 3ಕ್ಕೆ ಎಸ್‌ಡಿಎ, 5ಕ್ಕೆ ಎಸ್‌ಸಿಎಲ್, 9ಕ್ಕೆ ಗ್ರೌಂಡ್. ಇಲ್ಲಿ ಒಂದು ಎಚ್ಚರಿಕೆ. ಅಗ್ಗದ ನೀಲಿ ಬೋರ್ಡಿನ ಮಾಡ್ಯೂಲ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆಯೂ ಇರುತ್ತದೆ. ಅದಕ್ಕೆ ಸಾಮಾನ್ಯ ಸಿಆರ್2032 ಬಟನ್ ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ, ಚಾರ್ಜ್ ಆಗಬಾರದ ಸೆಲ್‌ಗೆ ಚಾರ್ಜ್ ಹೋಗುತ್ತದೆ. ಸೆಲ್ ಉಬ್ಬುತ್ತದೆ, ಅಪಾಯ. 1ನೇ ಪಿನ್‌ನ 3.3 ವೋಲ್ಟ್‌ಗೇ ಕಟ್ಟಿ. ಕೈಲಾದರೆ ಚಾರ್ಜಿಂಗ್ ದಾರಿಯ ರೆಸಿಸ್ಟರ್ ತೆಗೆಸಿಬಿಡಿ.

ಆಮೇಲೆ ರಾಸ್ಪಿ-ಕಾನ್ಫಿಗ್‌ನಲ್ಲಿ ಐ2ಸಿ (ಪೈ ಮತ್ತು ಚಿಪ್ ಮಾತಾಡುವ ದಾರಿ) ಆನ್ ಮಾಡಿ ಐ2ಸಿಡಿಟೆಕ್ಟ್ ಹಾಕಿದರೆ ಚೌಕದಲ್ಲಿ 68 ಅಂತ ಕಾಣಬೇಕು. ಕಾಣದಿದ್ದರೆ ಸಾಮಾನ್ಯವಾಗಿ 3 ಮತ್ತು 5ರ ವೈರು ಅದಲುಬದಲಾಗಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ ಸಾಲು ಹಾಕಿ, ಅದರಲ್ಲಿ ಚಿಪ್‌ನ ಹೆಸರು ಕೊಟ್ಟು, ಮತ್ತೆ ಬೂಟ್ ಮಾಡಿದಾಗ 68ರ ಜಾಗದಲ್ಲಿ ಎರಡು ಯು ಅಕ್ಷರ ಬರುತ್ತದೆ. ಗಡಿಯಾರ ಲಿನಕ್ಸ್‌ನ ಕೈಗೆ ಸಿಕ್ಕಿತು ಅಂತ ಅರ್ಥ. ಹೊತ್ತು ಬರೆದಿಡುವ ಹಳೆಯ ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಇದ್ದರೆ ತೆಗೆದುಹಾಕಿ. ಕೊನೆಗೆ ನೆಟ್ ಇರುವಾಗ ಎಚ್‌ಡಬ್ಲ್ಯೂಕ್ಲಾಕ್ ಆದೇಶದಿಂದ ಸರಿಯಾದ ಹೊತ್ತನ್ನು ಚಿಪ್‌ಗೆ ಒಮ್ಮೆ ಬರೆಯಿರಿ.

ಗಡಿಯಾರ ಸರಿಯಾದರೂ ಇನ್ನೊಂದು ಸಾಧ್ಯತೆ ಉಳಿಯುತ್ತದೆ. ಸರಿಯಾಗಿ 5.30ಕ್ಕೇ ಕರೆಂಟು ಇಲ್ಲದಿದ್ದರೆ? ತಪ್ಪಿದ ಕೆಲಸವನ್ನು ಎದ್ದ ಕೂಡಲೇ ಮಾಡಿಬಿಡುವ ಟೈಮರ್‌ಗಳು ಲಿನಕ್ಸ್‌ನ ಸಿಸ್ಟಮ್‌ಡಿಯಲ್ಲಿ ಇವೆ. ಆದರೆ ಕರೆಂಟು ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೆ ಬೆಳಗಿನ ಗಮಕ ಬೇಡ. ನಾನು ಮಾಡಿದ್ದು ಹೀಗೆ: ಸ್ಕ್ರಿಪ್ಟ್ 5.30ರಿಂದ 7ರ ತನಕ ಐದೈದು ನಿಮಿಷಕ್ಕೆ ಏಳುತ್ತದೆ. ಇವತ್ತಿನ ತಾರೀಕಿನ ಗುರುತು ಫೈಲು ಇದೆಯಾ ಅಂತ ನೋಡುತ್ತದೆ. ಇದ್ದರೆ ಸುಮ್ಮನಾಗುತ್ತದೆ. ಇಲ್ಲದಿದ್ದರೆ ಹಾಡು ಶುರು ಮಾಡಿ, ಎಂಪಿಡಿ ನಿಜವಾಗಿ ನುಡಿಸುತ್ತಿದೆ ಅಂತ ಖಚಿತವಾದ ಮೇಲೆ ಗುರುತು ಇಡುತ್ತದೆ. ಈ ಕೊನೆಯದು ಮುಖ್ಯ. ಮೊದಲೇ ಗುರುತಿಟ್ಟು ಆಮೇಲೆ ಹಾಡು ತಪ್ಪಿದರೆ ಅವತ್ತಿಗೆ ಮತ್ತೆ ಪ್ರಯತ್ನವೇ ಇರುವುದಿಲ್ಲ.

ಕೈಯಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ

ಇದು ಚಿಕ್ಕದು, ಆದರೆ ಎಲ್ಲರಿಗೂ ಒಮ್ಮೆ ಆಗುತ್ತದೆ. ಉಪ್ಪರಿಗೆಯ ಕಾಸ್ಟ್ ಸ್ಪೀಕರ್‌ನ ಸ್ಕ್ರಿಪ್ಟ್ ನಾನು ಓಡಿಸಿದರೆ ಸರಿ, ಕ್ರಾನ್ ಓಡಿಸಿದರೆ ಮೌನ. ಕ್ರಾನ್‌ಗೆ ಗೊತ್ತಿರುವ ಆದೇಶದ ದಾರಿ ಎರಡೇ, ಯುಎಸ್‌ಆರ್ ಬಿನ್ ಮತ್ತು ಬಿನ್. ಪೈಥಾನ್ ಸಾಧನಗಳನ್ನು ತಂದು ಹಾಕುವ ಪಿಪ್‌ಎಕ್ಸ್‌ನಿಂದ ಹಾಕಿದ ಸಾಧನ ನಮ್ಮ ಹೋಮ್ ಫೋಲ್ಡರ್‌ನ ಒಳಗೆಲ್ಲೋ ಇರುತ್ತದೆ, ಅದು ಕ್ರಾನ್‌ಗೆ ಕಾಣುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಸಾಧನದ ಪೂರ್ತಿ ದಾರಿ ಬರೆಯಿರಿ. ಹೇಳುವುದನ್ನೆಲ್ಲ, ತಪ್ಪಿನ ಮಾತನ್ನೂ ಸೇರಿಸಿ, ಒಂದು ಲಾಗ್ ಫೈಲಿಗೆ ತಿರುಗಿಸಿ. ಕ್ರಾನ್ ಕಣ್ಣಿನಿಂದ ನೋಡಬೇಕಿದ್ದರೆ ಸ್ಕ್ರಿಪ್ಟ್ ಹೆಸರಿನ ಮುಂದೆ 'ಎನ್ವ್ -ಐ' ಸೇರಿಸಿ ಓಡಿಸಿ. ಪರಿಸರವೆಲ್ಲ ಖಾಲಿ ಮಾಡಿ ಓಡಿಸುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕೆಳಗಿನ ದೋಷ: ಜಗಲಿಗೆ ಮಾತ್ರ ದನಿ ಇಲ್ಲ

ನಮ್ಮದು ಹಳೆಯ ಮನೆ. ಜಂಬಿಟ್ಟಿಗೆ ಗೋಡೆ ಎರಡು ಅಡಿ ದಪ್ಪ. ನಡುಮನೆಯ ವೈಫೈ ಜಗಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಅದಕ್ಕೆ ಜಗಲಿಯ ಕಿಟಕಿಯಲ್ಲಿ ಇನ್ನೊಂದು ಸಣ್ಣ ರೂಟರ್ ಇಟ್ಟು ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದೆ.

ಜಗಲಿಯ ಝೀರೋಗೆ ಲ್ಯಾಪ್‌ಟಾಪ್‌ನಿಂದ ಒಳಹೋಗಲೂ ಆಗಲಿಲ್ಲ. ಅದಕ್ಕೆ ಟಿವಿ ಸಿಕ್ಕಿಸಿ, ಹೋಸ್ಟ್‌ನೇಮ್ ಆದೇಶಕ್ಕೆ ದೊಡ್ಡ ಐ ಆಯ್ಕೆ ಕೊಟ್ಟು ವಿಳಾಸ ನೋಡಿದೆ. 192.168.0ರಿಂದ ಶುರುವಾಗಿತ್ತು. ಸರ್ವರ್ ಇರುವುದು 192.168.1ರಲ್ಲಿ. ಜಗಲಿಯ ಸಣ್ಣ ರೂಟರ್ ತನ್ನದೇ ಬೇರೆ ಮನೆ ಹೂಡಿತ್ತು.

ಸ್ನ್ಯಾಪ್‌ಕಾಸ್ಟ್‌ನ ಕ್ಲೈಂಟ್‌ಗಳು, ಅಂದರೆ ನಮ್ಮ ಝೀರೋಗಳು, ಸರ್ವರ್ ಎಲ್ಲಿದೆ ಅಂತ ಹುಡುಕುವುದು ಎಂಡಿಎನ್‌ಎಸ್ ಕೂಗಿನಿಂದ. 224.0.0.251 ಅನ್ನುವ ವಿಳಾಸಕ್ಕೆ, 5353ನೇ ಪೋರ್ಟ್‌ನಲ್ಲಿ, "ಸರ್ವರ್ ಯಾರಿದ್ದೀರಿ" ಅಂತ ಒಮ್ಮೆ ಕೂಗುತ್ತವೆ. ಕಾಸ್ಟ್ ಸ್ಪೀಕರ್ ಹುಡುಕುವುದೂ ಹೀಗೆಯೇ. ಈ ಕೂಗು ಅದೇ ಜಾಲದೊಳಗೆ ಮಾತ್ರ ಕೇಳುತ್ತದೆ, ರೂಟರ್ ದಾಟಿ ಹೋಗುವುದಿಲ್ಲ. ಹಾಗಾಗಿ ಝೀರೋ ಯಾವ ರೂಟರ್ ಹಿಡಿಯಿತು ಅನ್ನುವುದರ ಮೇಲೆ ಜಗಲಿಯ ಹಾಡು ನಿಂತಿತ್ತು. ಮಾಮೂಲಿ ದಿನ ಅದು ಹೇಗೋ ದೊಡ್ಡ ರೂಟರ್‌ಗೆ ಅಂಟಿಕೊಂಡಿರುತ್ತಿತ್ತು. ಕರೆಂಟು ಹೋಗಿ ಬಂದಾಗ ಸಣ್ಣದು ಬೇಗ ಏಳುತ್ತದೆ, ದೊಡ್ಡದು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಝೀರೋ ಮೊದಲು ಕಂಡದ್ದನ್ನು ಹಿಡಿದು ಅಲ್ಲೇ ಉಳಿದುಬಿಡುತ್ತಿತ್ತು.

ಸಣ್ಣ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ. ಆಗ ಅದು ವಿಳಾಸ ಹಂಚುವುದಿಲ್ಲ, ದೊಡ್ಡ ರೂಟರ್‌ನದೇ ಜಾಲವನ್ನು ಮುಂದಕ್ಕೆ ಹರಿಸುತ್ತದೆ. ನಿಮ್ಮದರಲ್ಲಿ ಆ ಮೋಡ್ ಇಲ್ಲದಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ದೊಡ್ಡ ರೂಟರ್‌ನ ಕೇಬಲ್ಲನ್ನು ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಿ. ಅದರ ಸ್ವಂತ ವಿಳಾಸ ದೊಡ್ಡ ರೂಟರ್‌ನ ವಿಳಾಸವೇ ಆಗದಂತೆ ನೋಡಿಕೊಳ್ಳಿ. ಗೆಸ್ಟ್ ವೈಫೈಗೆ ಸ್ಪೀಕರ್ ಸೇರಿಸಿದ್ದರೂ ಇದೇ ತೊಂದರೆ ಬರುತ್ತದೆ, ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆದಿರುತ್ತಾರೆ.

ಇಷ್ಟಾದ ಮೇಲೂ ಕೂಗನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ. ದೊಡ್ಡ ರೂಟರ್‌ನಲ್ಲಿ ಸರ್ವರ್‌ಗೂ ಪ್ರತಿ ಸ್ಪೀಕರ್‌ಗೂ ಮ್ಯಾಕ್ ವಿಳಾಸದ (ಪ್ರತಿ ಸಾಧನದ ಸ್ವಂತ ಗುರುತಿನ) ಮೇಲೆ ಖಾಯಂ ವಿಳಾಸ ಕೊಟ್ಟೆ. ಮೂರೂ ಝೀರೋಗಳಲ್ಲಿ ಸರ್ವರ್ ವಿಳಾಸ, 1704ನೇ ಪೋರ್ಟ್ ಕೈಯಾರೆ ಬರೆದೆ. ಕಾಸ್ಟ್ ಸ್ಪೀಕರ್ ಸ್ಕ್ರಿಪ್ಟ್‌ನಲ್ಲೂ ಹೆಸರಿನ ಬದಲು ವಿಳಾಸ ಹಾಕಿದೆ. ಮುಂಚೆ ಅದನ್ನು ಹೆಸರಿನಿಂದ ಹುಡುಕಲು ಕೆಲವು ಸೆಕೆಂಡ್ ಹಿಡಿಯುತ್ತಿತ್ತು, ಈಗ ಕೂಡಲೇ ಶುರುವಾಗುತ್ತದೆ.

ದನಿ ಹಿಂದೆ ಮುಂದೆ ಆಗುವುದು

ಇದಕ್ಕೆ ಮೊದಲು ಒಂದೇ ಪ್ರಶ್ನೆ: ಹಿಂದೆ ಬೀಳುವುದು ಯಾವಾಗಲೂ ಒಂದೇ ಅಳತೆಯಾ, ಇಲ್ಲ ಬದಲಾಗುತ್ತಾ?

ಒಂದೇ ಅಳತೆಯಾದರೆ ಜಾಲದ ತಪ್ಪಲ್ಲ. ಸ್ನ್ಯಾಪ್‌ಕಾಸ್ಟ್ ಕ್ಲೈಂಟ್‌ಗಳನ್ನು ಒಂದು ಮಿಲಿಸೆಕೆಂಡ್ ಒಳಗೇ ಹೊಂದಿಸುತ್ತದೆ. ಕ್ಲೈಂಟ್ ದಾಟಿದ ಮೇಲೆ ಏನೋ ತಡ ಮಾಡುತ್ತಿದೆ. ಬಚ್ಚಲುಮನೆ ಕಟ್ಟೆಗೆ ನಾನು ಮೊದಲು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆ. ಅಲ್ಲಿ ಪ್ರತಿ ಪದ ಎರಡು ಸಲ ಕೇಳುತ್ತಿತ್ತು. ಅಳೆಯುವುದು ಸುಲಭ. ಒಂದೇ ಒಂದು ಚಪ್ಪಾಳೆ ಇರುವ ಫೈಲು ನುಡಿಸಿ, ಎರಡೂ ಸ್ಪೀಕರ್‌ಗೆ ಸಮ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ದನಿಯನ್ನು ಗೆರೆಯಾಗಿ ತೋರಿಸುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆಯಿರಿ. ಎರಡು ಮುಳ್ಳಿನಂತೆ ಎದ್ದು ಕಾಣುತ್ತವೆ. ನಡುವಿನ ಅಂತರವೇ ತಡ. ನಮ್ಮದು 180 ಮಿಲಿಸೆಕೆಂಡ್ ಇತ್ತು. ಆ ಕ್ಲೈಂಟ್‌ನ ಲೇಟೆನ್ಸಿಗೆ 180 ಬರೆದರೆ ಅದು ಅಷ್ಟು ಮುಂಚೆ ನುಡಿಸುತ್ತದೆ. ಆದರೆ ಬ್ಲೂಟೂತ್ ಪ್ರತಿ ಸಲ ಜೋಡಿಯಾದಾಗ ಅಂಕಿ ಸ್ವಲ್ಪ ಬದಲಾಗುತ್ತಿತ್ತು. ಕೊನೆಗೆ ವೈರ್ ಇರುವ ಸ್ಪೀಕರ್ ಹಾಕಿದೆ. ಒಟ್ಟಿಗೆ ಹಾಡಬೇಕಾದ ಸಾಲಿನಲ್ಲಿ ಬ್ಲೂಟೂತ್ ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಇನ್ನೊಂದು ತಡ ಯಂತ್ರದ್ದಲ್ಲ, ಗಾಳಿಯದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನಮ್ಮ ಜಗಲಿಯಿಂದ ಬಚ್ಚಲುಮನೆಗೆ 18 ಮೀಟರ್, ಅಂದರೆ 52 ಮಿಲಿಸೆಕೆಂಡ್. ಜಗಲಿಯಲ್ಲಿ ನಿಂತು ಕಟ್ಟೆಯ ಸ್ಪೀಕರ್ ಕೇಳಿದರೆ ಹಿಂದೆ ಬಿದ್ದಂತೆ ಅನ್ನಿಸುವುದು ಸಹಜ. ಅದನ್ನು ತಿದ್ದಲು ಹೋಗಬೇಡಿ. ಜಗಲಿಯಲ್ಲಿ ಸರಿ ಮಾಡಿದರೆ ಬಚ್ಚಲುಮನೆಯಲ್ಲಿ ಎರಡರಷ್ಟು ಕೆಡುತ್ತದೆ.

ತಡ ಬದಲಾಗುತ್ತಿದ್ದರೆ, ನಡುನಡುವೆ ತುಂಡಾಗುತ್ತಿದ್ದರೆ ಆಗ ವೈಫೈ ನೋಡಿ. ಐಡಬ್ಲ್ಯೂ ಆದೇಶದ ಲಿಂಕ್ ಭಾಗದಲ್ಲಿ ಸಿಗ್ನಲ್ ಅಂಕಿ ಇರುತ್ತದೆ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿದ್ದರೆ (ಸೊನ್ನೆಗೆ ಹತ್ತಿರವಿದ್ದರೆ) ನೆಮ್ಮದಿ. ನಮ್ಮ ಜಗಲಿಯಲ್ಲಿ ಸಣ್ಣ ರೂಟರ್ ಇಲ್ಲದೆ ಮೈನಸ್ 78 ಇತ್ತು. ಅದೇ ಸಾಧನದಿಂದ ಪವರ್ ಸೇವ್ ಆಫ್ ಮಾಡಿ. ಅದು ಆನ್ ಇದ್ದರೆ ವೈಫೈ ಚಿಪ್ ಆಗಾಗ ತೂಕಡಿಸುತ್ತದೆ, ದನಿಯ ತುಣುಕು ಹೊತ್ತು ಮೀರಿ ಬರುತ್ತದೆ. ನೂರು ಪಿಂಗ್ ಕಳಿಸಿ ಸರಾಸರಿಯ ಬದಲು ಅತಿ ಹೆಚ್ಚಿನ ಅಂಕಿ ನೋಡಿ. ಸರಾಸರಿ 6 ಮಿಲಿಸೆಕೆಂಡ್ ಇದ್ದು ನಡುವೆ ಒಂದು 1000 ದಾಟಿದ್ದರೆ ಕಿವಿಗೆ ಕೇಳುವುದು ಆ ಒಂದೇ.

ವೋಲ್ಟೇಜ್ ಬಗ್ಗೆ

ಸಂಜೆ ಪಂಪ್‌ಸೆಟ್ ಓಡುವಾಗ ಬಲ್ಬು ಮಂಕಾಗುತ್ತದೆ, ಅದೇ ಹೊತ್ತಿಗೆ ಪೈ ತಡವರಿಸುತ್ತದೆ, ಹಾಗಾಗಿ ಲೈನಿನ ವೋಲ್ಟೇಜೇ ಕಾರಣ ಅಂತ ನಾನೂ ನಂಬಿದ್ದೆ. ಅದು ಸರಿಯಲ್ಲ. ಈಗಿನ ಯುಎಸ್‌ಬಿ ಅಡಾಪ್ಟರ್‌ಗಳ ಮೇಲೆ ಓದಿ ನೋಡಿ, 100ರಿಂದ 240 ವೋಲ್ಟ್ ತನಕ ನಡೆಯುತ್ತವೆ. ತೊಂದರೆ ಅಡಾಪ್ಟರ್ ಆಚೆಯ ತೆಳು ಕೇಬಲ್‌ನದು. ವಿಸಿಜೆನ್‌ಸಿಎಂಡಿ ಆದೇಶದ ಗೆಟ್_ಥ್ರಾಟಲ್ಡ್ ಕೇಳಿ. 0ಎಕ್ಸ್0 ಬಂದರೆ ಸರಿ. 0ಎಕ್ಸ್50005 ಬಂದರೆ ಈಗಲೂ ವೋಲ್ಟೇಜ್ ಕಡಿಮೆ ಇದೆ, ವೇಗ ತಗ್ಗಿಸಿದೆ, ಹಿಂದೆಯೂ ಹೀಗಾಗಿತ್ತು ಅಂತ ಅರ್ಥ. ಪೈಗೆ 4.63 ವೋಲ್ಟ್‌ಗಿಂತ ಕೆಳಗೆ ಬಂದರೆ ಈ ಗುರುತು ಬೀಳುತ್ತದೆ. ದಪ್ಪ, ಗಿಡ್ಡ ಕೇಬಲ್ ಹಾಕಿದೆ, ಗುರುತು ಮತ್ತೆ ಬೀಳಲಿಲ್ಲ.

ಮಳೆಗಾಲದಲ್ಲಿ ಜಗಲಿಯ ಸ್ಪೀಕರ್ ಕರಕರ ಅಂದರೆ ತಂತ್ರಾಂಶ ಮುಟ್ಟಬೇಡಿ. 3.5 ಮಿಲಿಮೀಟರ್ ಪಿನ್ ಎಳೆದು ಬೆಳಕಿಗೆ ಹಿಡಿಯಿರಿ. ನಮ್ಮದರ ಮೇಲೆ ಹಸಿರು ಕಿಲುಬು ಕೂತಿತ್ತು. ಒರೆಸಿದೆ, ಸರಿಯಾಯಿತು.

ಶ್ರುತಿ ಏರಿದರೆ

ಒಂದು ದಿನ ಅಪ್ಪಯ್ಯ ಕಾಫಿ ಲೋಟ ಕೆಳಗಿಟ್ಟು "ಇವ್ರ ಶ್ರುತಿ ಇದಲ್ಲ, ಏರಿದೆ" ಅಂದರು. ನನಗೆ ಏನೂ ಗೊತ್ತಾಗಿರಲಿಲ್ಲ. ನೋಡಿದರೆ ಅವರು ಹೇಳಿದ್ದು ಸರಿ. ಎಂಪಿಡಿಯ ಸೆಟ್ಟಿಂಗ್ ತಿದ್ದುವಾಗ ಫಿಫೋದ ಫಾರ್ಮ್ಯಾಟ್ ಸಾಲು ಅಳಿಸಿಹೋಗಿತ್ತು. ಫೈಲಿನಲ್ಲಿ ದನಿಯ ಅಳತೆ ಇರುವುದು ಸೆಕೆಂಡಿಗೆ 44,100 ಸಲ, ಸ್ನ್ಯಾಪ್‌ಕಾಸ್ಟ್ 48,000 ಅಂತ ತಿಳಿದು ನುಡಿಸುತ್ತಿತ್ತು. ದನಿ ನೂರಕ್ಕೆ ಸುಮಾರು 9ರಷ್ಟು ವೇಗ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಮೇಲೆ, ಜೊತೆಗೆ ಆಗಾಗ ತಡವರಿಕೆ. ಎರಡೂ ಕಡೆ 48000:16:2 ಅಂತ ಒಂದೇ ಸಾಲು ಇರಬೇಕು. ಮನೆಯಲ್ಲಿ ಚೆನ್ನಾಗಿ ಕೇಳುವ ಕಿವಿ ಇದ್ದರೆ ಅವರು ಹೇಳಿದ್ದನ್ನು ದೋಷದ ಪಟ್ಟಿಗೆ ಮೊದಲು ಬರೆದುಕೊಳ್ಳಿ.

ಪರೀಕ್ಷೆ

ಸರಿಯಾಯಿತು ಅಂತ ಹೇಳಲು ಒಂದು ಬೆಳಗ್ಗೆ ಹಾಡಿದರೆ ಸಾಲದು. ತೊಂದರೆ ಬಂದ ಸ್ಥಿತಿಯನ್ನೇ ಮತ್ತೆ ತರಬೇಕು. ಶನಿವಾರ ರಾತ್ರಿ 11.40ಕ್ಕೆ ಫೈಬರ್ ಕೇಬಲ್ ಕಿತ್ತು, ಮೇನ್ ಸ್ವಿಚ್ ಆಫ್ ಮಾಡಿದೆ. ಅಲಾರಂ ಇಟ್ಟು ಎದ್ದು 3.10ಕ್ಕೆ ಮೇನ್ ಹಾಕಿದೆ. ಫೈಬರ್ ಹಾಕಲಿಲ್ಲ. ಟಾರ್ಚ್ ಹಿಡಿದು ಮೂರೂ ಝೀರೋಗಳ ಹಸಿರು ದೀಪ ನೋಡಿ ಬಂದು ಮಲಗಿದೆ.

ಎಚ್ಚರವಾದಾಗ ಹೊರಗೆ ಮಳೆ ಹೊಯ್ಯುತ್ತಿತ್ತು. ನಡುಮನೆಯ ಕತ್ತಲಲ್ಲಿ ಮಲಗಿಯೇ ಕೇಳಿದೆ. ಜಗಲಿ, ಅಡುಗೆಮನೆ, ಬಚ್ಚಲುಮನೆಯ ಕಟ್ಟೆ, ಮೂರೂ ಕಡೆಯಿಂದ ಒಂದೇ ದನಿ ಬರುತ್ತಿತ್ತು. ಅಮ್ಮ ಆಗಲೇ ಹಂಡೆಗೆ ಬೆಂಕಿ ಹಾಕಿ, ಕ್ಯಾಲೆಂಡರ್‌ನಲ್ಲಿ 5.30 ಅಂತ ಬರೆದಾಗಿತ್ತು.